ಜಿಡ್ಡು ಬಿಟ್ಟರೂ ಶುಗರ್ ಯಾಕೆ ಇಳಿಯಲಿಲ್ಲ?



ಶಿರಂಗಾಲದ ನಮ್ಮ ಸಂಘದ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಬ್ಬ ಸದಸ್ಯೆ ಈ ಪ್ರಶ್ನೆ ಕೇಳಿದರು. ಅವರಿಗೆ ಸಕ್ಕರೆ ಕಾಯಿಲೆ ಇದೆ ಅಂತ ಗೊತ್ತಾಗಿ ಎರಡು ವರ್ಷ. "ಜಿಡ್ಡು ಬಿಡಿ, ಅನ್ನದ ಬದಲು ರಾಗಿ ತಿನ್ನಿ" ಅಂತ ಅವರಿಗೆ ಹೇಳಿದ್ದರಂತೆ. ಅವರು ಚಾಚೂ ತಪ್ಪದೆ ಪಾಲಿಸಿದರು. ಮೊಟ್ಟೆ ಬಿಟ್ಟರು, ಕಡ್ಲೆಕಾಯಿ ಬೀಜ ಬಿಟ್ಟರು, ಸಾರಿಗೆ ಕಾಯಿ ಹಾಕೋದನ್ನೂ ಬಿಟ್ಟರು. ಹೊಲದ ಕೆಲಸ, ಹೊಟ್ಟೆ ಕೇಳಬೇಕಲ್ಲ? ಮಧ್ಯಾಹ್ನ ಎರಡು ಮುದ್ದೆ, ರಾತ್ರಿ ಎರಡು ಮುದ್ದೆ, ಜೊತೆಗೆ ತಿಳಿಸಾರು. ಶುಗರ್ ಮಾತ್ರ ಇಳಿಯಲಿಲ್ಲ. "ನಾನೇನು ತಪ್ಪು ಮಾಡಿದೆ?" ಅಂತ ಕಣ್ಣೀರು ಹಾಕಿದರು.

ಅವರು ತಪ್ಪು ಮಾಡಲಿಲ್ಲ. ಅವರಿಗೆ ಸಿಕ್ಕಿದ ಸಲಹೆಯೇ ಅರ್ಧ.

ರಾಗಿ ಒಳ್ಳೆಯದೇ. ಅಕ್ಕಿಗಿಂತ ಅದರಲ್ಲಿ ನಾರು ಜಾಸ್ತಿ, ಮೂಳೆಗೆ ಬೇಕಾದ ಕ್ಯಾಲ್ಸಿಯಂ ಎಷ್ಟೋ ಪಟ್ಟು ಜಾಸ್ತಿ. ಆದರೆ ಪಿಷ್ಟದ ಲೆಕ್ಕದಲ್ಲಿ ಎರಡೂ ಹತ್ತಿರ ಹತ್ತಿರ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಪಿಷ್ಟ ಇದ್ದರೆ ರಾಗಿಯಲ್ಲಿ ಸುಮಾರು 70 ಗ್ರಾಂ. ಹೊಟ್ಟೆಗೆ ಹೋದ ಪಿಷ್ಟ ಸಕ್ಕರೆಯಾಗಿಯೇ ರಕ್ತ ಸೇರುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ದೇಶದಾದ್ಯಂತ ನಡೆದ ದೊಡ್ಡ ಅಧ್ಯಯನದ ವರದಿ 2025ರಲ್ಲಿ ಬಂತು. ನಮ್ಮ ಜನಕ್ಕೆ ಸಿಗುವ ಶಕ್ತಿಯಲ್ಲಿ ಶೇ. 62ರಷ್ಟು ಪಿಷ್ಟದಿಂದಲೇ ಬರುತ್ತಿದೆ ಅಂತ ಅದು ಹೇಳಿತು. ಬಿಳಿ ಅಕ್ಕಿ ಬಿಟ್ಟು ಗೋಧಿ ಹಿಟ್ಟು, ಸಿರಿಧಾನ್ಯದ ಹಿಟ್ಟಿಗೆ ಬದಲಾದರಷ್ಟೇ ಸಾಲದು, ಒಟ್ಟು ಪಿಷ್ಟ ಕಡಿಮೆಯಾಗಬೇಕು. ಅದರಲ್ಲಿ ಸ್ವಲ್ಪ ಭಾಗದ ಜಾಗಕ್ಕೆ ಕಾಳು-ಬೇಳೆ, ಹಾಲು-ಮೊಸರಿನ ಪ್ರೋಟೀನ್ ಬಂದವರಲ್ಲಿ ಸಕ್ಕರೆ ಕಾಯಿಲೆಯ ಅಪಾಯ ಕಡಿಮೆ ಕಂಡಿತು.

ಹಾಗಾದರೆ ಜಿಡ್ಡಿನ ಮೇಲೆ ಇಷ್ಟು ಭಯ ಎಲ್ಲಿಂದ ಬಂತು? 1980ರಲ್ಲಿ ಅಮೆರಿಕ ಸರ್ಕಾರ ಹೊರಡಿಸಿದ ಆಹಾರ ಸಲಹೆಯಲ್ಲಿ ಕೊಬ್ಬು, ಕೊಲೆಸ್ಟ್ರಾಲ್ ಕಡಿಮೆ ಮಾಡಿ ಎಂದಿತ್ತು. ಆ ಮಾತು ಎಲ್ಲ ದೇಶಕ್ಕೂ ಹರಡಿತು, ಮೊಟ್ಟೆಯ ಹಳದಿ ಭಾಗ ವೈರಿಯಾಯಿತು. ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟ್ರಾಲ್ ಮೀರಬಾರದು ಅನ್ನುವ ಮಿತಿಯನ್ನು 2015ರ ನಂತರದ ಸಲಹೆಯಲ್ಲಿ ಅವರೇ ಕೈಬಿಟ್ಟರು. ಆ ಸುದ್ದಿ ಮಾತ್ರ ನಮ್ಮ ಅಡಿಗೆಮನೆಗೆ ಬರಲೇ ಇಲ್ಲ!

ಹಾಗಂತ ಎಣ್ಣೆ ಸುರಿಯಿರಿ ಅಂತ ನಾವು ಹೇಳ್ತಾ ಇಲ್ಲ. ಒಂದು ಗ್ರಾಂ ಪಿಷ್ಟ 4 ಕ್ಯಾಲರಿ ಕೊಟ್ಟರೆ ಒಂದು ಗ್ರಾಂ ಕೊಬ್ಬು 9 ಕೊಡುತ್ತದೆ. ಬೋಂಡ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸೋದು ಕೆಟ್ಟದ್ದು. ವನಸ್ಪತಿಯಲ್ಲಿದ್ದ ಟ್ರಾನ್ಸ್ ಕೊಬ್ಬು ಹೃದಯಕ್ಕೆ ಹಾನಿ ಅಂತಲೇ 2022ರಿಂದ ಅದಕ್ಕೆ ಶೇ. 2ರ ಮಿತಿ ಹಾಕಿದ್ದಾರೆ. ತೆಂಗಿನೆಣ್ಣೆ ಪರವಾಗಿ ಮಂಗಳೂರಿನ ಡಾ. ಬಿ.ಎಂ. ಹೆಗ್ಡೆಯವರು ವರ್ಷಗಟ್ಟಲೆ ಮಾತಾಡಿದ್ದಾರೆ. ಆದರೆ ಅದು ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತದೆ ಅಂತ ಪರೀಕ್ಷೆಗಳಲ್ಲಿ ಕಂಡಿರುವುದೂ ನಿಜ. ಸಾರಿಗೆ ಒಂದು ಹಿಡಿ ಕಾಯಿತುರಿ ಬೇರೆ, ದಿನಾ ಕರಿದು ತಿನ್ನೋದು ಬೇರೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊಸ ಸಲಹೆ ಕೊಟ್ಟಿದೆ. ಊಟದ ಶಕ್ತಿಯಲ್ಲಿ ಧಾನ್ಯದ ಪಾಲು ಶೇ. 45 ಮೀರಬಾರದು. ಅಂದರೆ 2000 ಕ್ಯಾಲರಿಯ ಊಟಕ್ಕೆ ಅಕ್ಕಿ, ರಾಗಿ, ಗೋಧಿ ಎಲ್ಲಾ ಸೇರಿ 250 ಗ್ರಾಂ, ಕಾಳು-ಬೇಳೆ 85 ಗ್ರಾಂ, ಎಣ್ಣೆ 27 ಗ್ರಾಂ. ಈಗ ನಮ್ಮ ರೇಷನ್ ನೋಡಿ. 2025ರ ಫೆಬ್ರವರಿಯಿಂದ ಒಬ್ಬರಿಗೆ ತಿಂಗಳಿಗೆ 10 ಕೆಜಿ ಅಕ್ಕಿ ಕೊಡೋಕೆ ಶುರುಮಾಡಿದರು. ದಿನಕ್ಕೆ 330 ಗ್ರಾಂ ಆಯಿತು. ರಾಗಿ ಡಬ್ಬ ಮುಟ್ಟುವ ಮೊದಲೇ ಲೆಕ್ಕ ಮೀರಿತು! ಹಸಿದವರಿಗೆ ಆ ಅಕ್ಕಿ ದೊಡ್ಡ ಆಸರೆ, ಅದನ್ನು ಹಳಿಯೋದು ಸರಿಯಲ್ಲ. ಆದರೆ ಒಂದು ಇಲಾಖೆ ಧಾನ್ಯ ಕಡಿಮೆ ಮಾಡಿ ಅಂದರೆ, ಇನ್ನೊಂದು ಇಲಾಖೆಯ ಚೀಲದಲ್ಲಿ ಧಾನ್ಯವೇ ಇತ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ 5 ಕೆಜಿ ಅಕ್ಕಿ ಬದಲು ಬೇಳೆ, ಎಣ್ಣೆ ಇರುವ ಕಿಟ್ ಕೊಡಲು ಒಪ್ಪಿತು. ಬೇಳೆ ಕೇಳುವುದು ನಮ್ಮ ಹಕ್ಕು.

ಇನ್ನೊಂದು ವಿಷಯ ಸಭೆಯಲ್ಲೇ ಹೊರಬಂತು. ಮನೆಯಲ್ಲಿ ಹುರುಳಿಕಾಳು ಬೇಯಿಸಿದರೂ ಕಾಳೆಲ್ಲ ಗಂಡ ಮಕ್ಕಳ ತಟ್ಟೆಗೆ, ಕೊನೆಗೆ ಕೂತವಳಿಗೆ ಮುದ್ದೆ ಮತ್ತು ತಿಳಿ.  ಹಾಗಾಗಿ ಬಡಿಸುವ ಮೊದಲೇ ತಮ್ಮ ಪಾಲಿನ ಕಾಳನ್ನು ಒಂದು ಬಟ್ಟಲಲ್ಲಿ ತೆಗೆದಿಡೋದು ಅಂತ ಹನ್ನೆರಡು ಜನ ಒಪ್ಪಿಕೊಂಡೆವು. ಎರಡು ಮುದ್ದೆ ಇದ್ದಲ್ಲಿ ಒಂದು, ಜೊತೆಗೆ ಕಾಳು, ಸೊಪ್ಪು, ಆದರೆ ಒಂದು ಮೊಟ್ಟೆ.

ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಮುದ್ದೆ ಕಡಿಮೆ ಮಾಡುವ ಮೊದಲು ಡಾಕ್ಟರಿಗೆ ಹೇಳಲೇಬೇಕು. ಇಲ್ಲದಿದ್ದರೆ ಸಕ್ಕರೆ ದಿಢೀರ್ ಇಳಿದು ತಲೆಸುತ್ತು ಬರಬಹುದು. ಮೂತ್ರಪಿಂಡದ ತೊಂದರೆ ಇರುವವರೂ ಕೇಳಿಯೇ ಕಾಳು ಹೆಚ್ಚಿಸಲಿ. ಮಾತ್ರೆಯನ್ನು ತಾವಾಗಿ ಬಿಡಬೇಡಿ.

ಪ್ರಶ್ನೆ ಕೇಳಿದ ಸಹೋದರಿ ಡಾಕ್ಟರನ್ನು ಕಂಡು ಬಂದಿದ್ದಾರೆ. ಮೂರು ತಿಂಗಳ ರಕ್ತಪರೀಕ್ಷೆಯ ಚೀಟಿಯನ್ನು ಸಭೆಗೇ ತರ್ತೀನಿ ಅಂದಿದ್ದಾರೆ.