ಗುರಿ ತಪ್ಪಿದಾಗ ದೋಷ ಯಾರದು?

2008ರ ಆಗಸ್ಟ್ 11. ಬೀಜಿಂಗ್ ಒಲಿಂಪಿಕ್ಸ್‌ನ 10 ಮೀಟರ್ ಏರ್ ರೈಫಲ್ ಸ್ಪರ್ಧೆಯ ಅಂತಿಮ ಸುತ್ತಿಗೆ ಕೆಲವೇ ನಿಮಿಷಗಳು ಉಳಿದಿದ್ದವು. ಅಭಿನವ್ ಬಿಂದ್ರಾ ಅವರು ಅಂಕಕ್ಕೆ ಸೇರದ ಪರೀಕ್ಷಾರ್ಥ ಗುಂಡು ಹಾರಿಸಿದರು. ಅದು ನಡುವಿನಿಂದ ಬಹುದೂರ ಬಿದ್ದಿತು. ರೈಫಲ್ಲಿನ ಸೈಟ್ ಸ್ಥಾನ ತಪ್ಪಿತ್ತು.

ಈ ಸ್ಪರ್ಧೆಯಲ್ಲಿ ದೂರದರ್ಶಕಕ್ಕೆ ಅವಕಾಶವಿಲ್ಲ. ಹಿಂಬದಿಯ ಕಿರುರಂಧ್ರಕ್ಕೆ ಕಣ್ಣಿಟ್ಟು, ಮುಂಬದಿಯ ಉಂಗುರದ ನಡುವೆ ಕಪ್ಪು ವೃತ್ತವನ್ನು ನಿಲ್ಲಿಸಬೇಕು. ಹತ್ತು ಅಂಕದ ಚುಕ್ಕೆಯ ವ್ಯಾಸ ಕೇವಲ 0.5 ಮಿಲಿಮೀಟರ್!

ಹೊಸ ಸೈಟ್ ಜೋಡಿಸಿದಾಗಲೂ, ಹಳೆಯದು ಅಲುಗಿದಾಗಲೂ ಕ್ರಮ ಒಂದೇ. ಒಂದೇ ಬಿಂದುವಿಗೆ ಗುರಿಯಿಟ್ಟು ಹಲವು ಗುಂಡುಗಳನ್ನು ಹಾರಿಸಬೇಕು. ಗುರುತುಗಳು ಚದುರಿದ್ದರೆ ಸಾಮಾನ್ಯವಾಗಿ ದೋಷ ಕೈಯದು, ಉಸಿರಿನದು. ಒತ್ತಟ್ಟಿಗೆ ಬಿದ್ದೂ ನಡುವಿನಿಂದ ಸರಿದಿದ್ದರೆ ದೋಷ ಸೈಟಿನದು. ತಿರುಪನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ, ಮತ್ತೆ ಹಾರಿಸಿ ನೋಡಬೇಕು.

ಬಿಂದ್ರಾ ಧೃತಿಗೆಡದೆ ಸೈಟನ್ನು ಸರಿಪಡಿಸಿಕೊಂಡರು. ಕೊನೆಯ ಗುಂಡಿಗೆ 10.8, ಒಟ್ಟು 700.5 ಅಂಕ, ಭಾರತಕ್ಕೆ ಒಲಿಂಪಿಕ್ಸ್‌ನಲ್ಲಿ ಮೊದಲ ವೈಯಕ್ತಿಕ ಚಿನ್ನ. 2016ರಲ್ಲಿ ರಿಯೊದಲ್ಲಿ ಸೈಟ್ ಮುರಿದೇ ಹೋಯಿತು. ಆದರೂ ಅವರು ಸ್ಪರ್ಧಿಸಿ ನಾಲ್ಕನೆಯವರಾದರು.

ಶಾಲೆಯ ಕಿರುಪರೀಕ್ಷೆಯೂ ಇಂತಹ ಪರೀಕ್ಷಾರ್ಥ ಗುಂಡೇ. ಮಗುವಿನ ತಪ್ಪುಗಳು ಪ್ರತಿಬಾರಿಯೂ ಒಂದೇ ಕಡೆ ಬೀಳುತ್ತಿದ್ದರೆ ಅದರ ಶ್ರಮವನ್ನು ಶಂಕಿಸುವುದು ನ್ಯಾಯವಲ್ಲ; ಕಲಿಕೆಯ ಕ್ರಮವನ್ನೂ, ಬೇಕಿದ್ದರೆ ಕಣ್ಣನ್ನೂ ಪರಿಶೀಲಿಸಬೇಕು. ವಿಚಾರಣೆಯಿಲ್ಲದೆ ತೀರ್ಪು ಸಲ್ಲದು.