ಫೌಲ್ ಆ್ಯಂಡ್ ಎ ಮಿಸ್

ಸ್ನೂಕರ್ ನೋಡಲು ಹೊಸದಾಗಿ ಕೂತವರು ಗೊಂದಲಕ್ಕೆ ಬೀಳುವ ಒಂದು ಘಟ್ಟವಿದೆ. ಬಿಳಿ ಚೆಂಡು ಎರಡು ಕುಶನ್‌ಗಳಿಗೆ ಬಡಿದು ಬಂದು ಕೆಂಪು ಚೆಂಡಿನ ಪಕ್ಕದಲ್ಲೇ ಹಾದುಹೋಗುತ್ತದೆ, ಕೂದಲೆಳೆಯಲ್ಲಿ ತಪ್ಪುತ್ತದೆ. ‘ಫೌಲ್ ಆ್ಯಂಡ್ ಎ ಮಿಸ್’ ಎನ್ನುತ್ತಾರೆ ರೆಫರಿ. ಎದುರಾಳಿಗೆ 4 ಅಂಕ. ಅಲ್ಲಿಗೇ ಮುಗಿಯಲಿಲ್ಲ. ಸರಿದ ಚೆಂಡುಗಳೆಲ್ಲ ಮೊದಲಿದ್ದ ಜಾಗಕ್ಕೆ ಮರಳುತ್ತವೆ, ಅದೇ ಆಟಗಾರ ಮತ್ತೆ ಹೊಡೆಯಬೇಕು. ತಪ್ಪಿದರೆ ಮತ್ತೆ 4. ನೋಡುವವರಿಗೆ ಇದು ಹಿಂಸೆಯಂತೆ ಕಾಣಬಹುದು. ನನಗೆ ಮಾತ್ರ ಈ ಆಟದ ಅತ್ಯಂತ ನ್ಯಾಯವಾದ ನಿಯಮ ಇದೇ.

ಮೊದಲು ಫೌಲ್ ಏನೆಂದು ನೋಡೋಣ. ಬಿಳಿ ಚೆಂಡು ಮೊದಲು ಯಾವುದಕ್ಕೆ ತಾಗಬೇಕೋ ಅದು ‘ಬಾಲ್ ಆನ್’. ಬೇರೆಯದಕ್ಕೆ ತಾಗಿದರೆ, ಯಾವುದಕ್ಕೂ ತಾಗದಿದ್ದರೆ, ಬಿಳಿಯೇ ಪಾಕೆಟ್‌ಗೆ ಬಿದ್ದರೆ ಫೌಲ್. ಅಂಗಿಯ ತೋಳು ಚೆಂಡಿಗೆ ಸೋಕಿದರೂ ಫೌಲ್. ದಂಡ ಕನಿಷ್ಠ 4, ಗರಿಷ್ಠ 7. ಹಳದಿಯ ಬೆಲೆ 2 ಇದ್ದರೂ ಅದನ್ನು ತಪ್ಪಿದವನು 4 ತೆರಬೇಕು. ಕೆಂಪಿಗೆ ಹೊಡೆಯಬೇಕಾದವನ ಬಿಳಿ ಮೊದಲು ಕಪ್ಪಿಗೆ ತಾಗಿದರೆ 7. ಈ ಅಂಕ ತಪ್ಪಿದವನ ಲೆಕ್ಕದಿಂದ ಕಳೆಯುವುದಿಲ್ಲ, ಎದುರಾಳಿಯ ಲೆಕ್ಕಕ್ಕೆ ಸೇರುತ್ತದೆ. ರೆಫರಿಯ ಕಣ್ಣಿಗೆ ಬೀಳದ ಸೋಕನ್ನೂ ಆಟಗಾರ ತಾನಾಗಿಯೇ ಹೇಳಿಕೊಳ್ಳುವುದು ಇಲ್ಲಿನ ರೂಢಿ. ಈ ಆಟದ ಮೇಲೆ ನನಗಿರುವ ಗೌರವದಲ್ಲಿ ಅದರ ಪಾಲು ದೊಡ್ಡದು.

ಫೌಲ್ ಆದ ಮೇಲೆ ಬಿಳಿ ಚೆಂಡು ಮರೆಯಲ್ಲಿ ನಿಂತು, ಬಾಲ್ ಆನ್‌ನ ಎರಡು ಅಂಚುಗಳಲ್ಲಿ ಒಂದಕ್ಕಾದರೂ ನೇರ ದಾರಿ ಮುಚ್ಚಿದ್ದರೆ ಎದುರಾಳಿಗೆ ಫ್ರೀ ಬಾಲ್ ಸಿಗುತ್ತದೆ. ಅವನು ಬೇರೊಂದು ಚೆಂಡನ್ನು ಹೆಸರಿಸಿ, ಅದನ್ನೇ ಬಾಲ್ ಆನ್ ಎಂದು ಆಡಬಹುದು.

ಇನ್ನು ಮಿಸ್. ಇದು ಏಕೆ ಬೇಕಾಯಿತು? ನೀವು ಸ್ನೂಕರ್ ಆಗಿದ್ದೀರಿ ಎಂದುಕೊಳ್ಳಿ. ಅಂದರೆ ನಿಮ್ಮ ಬಿಳಿ ಚೆಂಡಿಗೂ ಕೆಂಪುಗಳಿಗೂ ನಡುವೆ ಕಂದು ಚೆಂಡು ಅಡ್ಡ ನಿಂತಿದೆ. ಒಂದು ಕುಶನ್‌ಗೆ ಹೊಡೆದರೆ ಕೆಂಪುಗಳ ಗುಂಪಿಗೆ ಸುಲಭವಾಗಿ ತಾಗಬಹುದು. ಆದರೆ ಗುಂಪು ಒಡೆದು ಎದುರಾಳಿಗೆ ಐವತ್ತು ಅರವತ್ತು ಅಂಕದ ದಾರಿ ತೆರೆದುಕೊಳ್ಳುತ್ತದೆ. ಅದರ ಬದಲು ಮೆಲ್ಲಗೆ ಹೊಡೆದು, ಗುಂಪಿಗೆ ತಾಗದಂತೆ ಬಿಳಿಯನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿದರೆ ನಷ್ಟ ಬರೀ 4. ಮಿಸ್ ನಿಯಮ ಇಲ್ಲದಿದ್ದರೆ ಅಷ್ಟು ಕುಶಲತೆಯಿಂದ ಸ್ನೂಕರ್ ಕಟ್ಟಿದ ಎದುರಾಳಿಗೆ ದಕ್ಕುವುದು ಪುಡಿಕಾಸು.

ಹಾಗಾಗಿ ರೆಫರಿ ತೂಗುವುದು ಪ್ರಯತ್ನವನ್ನು. ತನ್ನ ಸಾಮರ್ಥ್ಯಕ್ಕೆ ತಕ್ಕಂತೆ, ಬಾಲ್ ಆನ್‌ಗೆ ತಾಗುವಷ್ಟು ಬಲ ಕೊಟ್ಟು, ಸರಿಯಾದ ದಾರಿಯಲ್ಲಿ ಹೊಡೆದನೇ? ಸುಲಭದ ದಾರಿ ಇದ್ದೂ ತನಗೆ ಅನುಕೂಲವಾದ ಕಷ್ಟದ ದಾರಿ ಹಿಡಿದನೇ? ಸಾಲದು ಅನಿಸಿದರೆ ಮಿಸ್. ವೃತ್ತಿಪರರಿಗೆ ಸಿಗುವ ರಿಯಾಯಿತಿ ಕಡಿಮೆ; ಅವರು ತಪ್ಪಿದರೆ ಹೆಚ್ಚಾಗಿ ಮಿಸ್ ಬಿದ್ದಂತೆಯೇ. ಆಗ ಎದುರಾಳಿಗೆ ಮೂರು ಆಯ್ಕೆ: ಇದ್ದ ಹಾಗೆಯೇ ತಾನು ಆಡಬಹುದು, ತಪ್ಪಿದವನನ್ನೇ ಅಲ್ಲಿಂದ ಆಡಿಸಬಹುದು, ಇಲ್ಲವೇ ಚೆಂಡುಗಳನ್ನು ಮೊದಲಿನಂತೆ ಇಡಿಸಿ ಮತ್ತೆ ಆಡಿಸಬಹುದು.

ಆ ಇಡಿಸುವ ಕೆಲಸವನ್ನು ನೋಡಲೇಬೇಕು. ಬಿಳಿ ಕೈಗವಸು ತೊಟ್ಟ ರೆಫರಿ ಪ್ರಸಾರದ ಪರದೆಯಲ್ಲಿ ಹಳೆಯ ಚಿತ್ರವನ್ನು ನೋಡುತ್ತಾ ಒಂದೊಂದೇ ಚೆಂಡನ್ನು ಬೆರಳ ತುದಿಯಲ್ಲಿ ಸರಿಸುತ್ತಾರೆ. ಆಟಗಾರರಿಬ್ಬರೂ ಬಗ್ಗಿ ನೋಡಿ, ‘ಇನ್ನೊಂಚೂರು ಎಡಕ್ಕೆ’ ಎನ್ನುತ್ತಾರೆ. 52.5 ಮಿಲಿಮೀಟರ್ ಚೆಂಡು ಒಂದು ಮಿಲಿಮೀಟರ್ ಸರಿದರೂ ದಾರಿ ಬದಲಾಗಬಹುದು. ಚಿತ್ರವಿಲ್ಲದ ಕಡೆ ರೆಫರಿಗೆ ನೆನಪೇ ಗತಿ.

ಒಂದು ವಿನಾಯಿತಿ ಇದೆ. ಕಂದು, ನೀಲಿ, ಗುಲಾಬಿ, ಕಪ್ಪು ಮಾತ್ರ ಉಳಿದಿದ್ದರೆ ಮೇಜಿನ ಮೇಲಿರುವುದು 22 ಅಂಕ. ಒಬ್ಬ 25 ಹಿಂದಿದ್ದರೆ ಎಲ್ಲವನ್ನೂ ಪಾಕೆಟ್‌ಗೆ ಬೀಳಿಸಿದರೂ ಗೆಲುವಿಲ್ಲ. ದಂಡದ ಅಂಕ ಬೇಕೇ ಬೇಕು. ಆಗ ಸ್ನೂಕರ್ ಆದವನು ಬೇಕೆಂದೇ ತಪ್ಪಿಸದಿದ್ದರೆ ಬರೀ ಫೌಲ್, ಮಿಸ್ ಇಲ್ಲ. ಇಲ್ಲದಿದ್ದರೆ ಒಂದೇ ಸ್ನೂಕರ್ ಕಟ್ಟಿ, ಮತ್ತೆ ಮತ್ತೆ ಆಡಿಸಿ, ಸೋತ ಫ್ರೇಮನ್ನೇ ಗೆದ್ದುಕೊಳ್ಳಬಹುದಿತ್ತು.

ಇದಕ್ಕೆ ಎದುರಾದ ಕಟ್ಟುನಿಟ್ಟೂ ಇದೆ. ಬಾಲ್ ಆನ್ ಪೂರ್ತಿಯಾಗಿ, ನೇರವಾಗಿ ಕಾಣುತ್ತಿದ್ದೂ ಆಟಗಾರ ಅದೇ ಜಾಗದಿಂದ ಎರಡು ಸಲ ತಪ್ಪಿದರೆ ರೆಫರಿ ಎಚ್ಚರಿಸುತ್ತಾರೆ. ಮೂರನೆಯ ಸಲವೂ ತಪ್ಪಿದರೆ ಫ್ರೇಮ್ ಎದುರಾಳಿಯದು. ತೆಳುವಾಗಿ ಸವರಿ ಬಿಳಿಯನ್ನು ಸುರಕ್ಷಿತವಾಗಿ ವಾಪಸು ತರಲು ಹೋದವನು ಮೂರನೆಯ ಹೊಡೆತದಲ್ಲಿ ಆಸೆ ಬಿಟ್ಟು ದಪ್ಪವಾಗಿ ತಾಗಿಸುವುದು ಇದೇ ಕಾರಣಕ್ಕೆ.

1875ರಲ್ಲಿ ಜಬಲ್ಪುರದ ಸೇನಾಧಿಕಾರಿಗಳ ನಡುವೆ ಹುಟ್ಟಿದ ಈ ಆಟದ ಮೊದಲ ನಿಯಮಗಳನ್ನು ತೂಗುಹಾಕಿದ್ದು ನಮ್ಮ ನೆರೆಯ ಊಟಿಯ ಕ್ಲಬ್‌ನಲ್ಲಿ. ಬೆಂಗಳೂರಿನಲ್ಲಿ ಆಟ ಕಲಿತ ಪಂಕಜ್ ಅಡ್ವಾಣಿ 2003ರಲ್ಲಿ ವಿಶ್ವ ಹವ್ಯಾಸಿ ಸ್ನೂಕರ್ ಪಟ್ಟ ಗೆದ್ದರು. ನಮಗೆ ಇಷ್ಟು ಹತ್ತಿರದ ಆಟವಾದರೂ ಗೆಳೆಯರ ಆಟದಲ್ಲಿ, ರೆಫರಿ ಇಲ್ಲವೆಂಬ ಕಾರಣಕ್ಕೆ, ಮೊದಲು ಕೈಬಿಡುವುದು ಮಿಸ್ ನಿಯಮವನ್ನೇ. ಫೋನಿನಲ್ಲಿ ಮೇಜಿನ ಒಂದು ಚಿತ್ರ ತೆಗೆದಿಟ್ಟುಕೊಂಡು, ಹೊರಗೆ ಕೂತ ಒಬ್ಬರನ್ನು ತೀರ್ಪಿಗೆ ಒಪ್ಪಿಸಿ, ಕೆಲವು ಫ್ರೇಮ್‌ಗಳನ್ನಾದರೂ ಈ ನಿಯಮ ಇಟ್ಟುಕೊಂಡೇ ಆಡಿ ನೋಡಿ.