ಹಿರಿಯರನ್ನು ಕೇಳೋಣ, ಬರೆದಿಡೋಣ

ನೀವು ಈಗ ಓದು ಬರಹ ಕಲಿತಿದ್ದೀರಿ. ಬಸ್ಸಿನ ಬೋರ್ಡು ಓದುತ್ತೀರಿ. ಸಂಘದ ಲೆಕ್ಕ ಬರೆಯುತ್ತೀರಿ. ಹೆಬ್ಬೆಟ್ಟು ಒತ್ತುವ ಬದಲು ಸಹಿ ಹಾಕುತ್ತೀರಿ. ಇದೇ ಬರಹದಿಂದ ಇನ್ನೊಂದು ದೊಡ್ಡ ಕೆಲಸ ಆಗಬೇಕಾಗಿದೆ. ನಿಮ್ಮ ಊರಿನ ಹಿರಿಯರು ಹೇಗೆ ಬಾಳಿದರು ಎಂದು ಕೇಳಿ, ಅದನ್ನು ಬರೆದಿಡಬೇಕು.

"ನಮ್ಮ ಅಜ್ಜನ ಬಾಳಿನಲ್ಲಿ ಬರೆಯುವಂಥದ್ದು ಏನಿದೆ? ಗದ್ದೆ ಉತ್ತರು, ಅಡಿಕೆ ಸುಲಿದರು, ಅಷ್ಟೇ" ಅಂತ ನೀವು ಹೇಳಬಹುದು. ಹಾಗೆ ಹೇಳಬೇಡಿ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲೂಕಿನ ಹಿರಿಯರು ಕಂಡದ್ದು ಸಣ್ಣದಲ್ಲ.

ಅವರು ಏನು ಕಂಡರು?

ಸಾಗರ ತಾಲೂಕಿನಲ್ಲಿ ಕಾಗೋಡು ಎಂಬ ಹಳ್ಳಿ ಇದೆ. ಅಲ್ಲಿ ಗೇಣಿದಾರರು ಧಣಿಗಳ ಗದ್ದೆ ಉಳುತ್ತಿದ್ದರು. ಬೆಳೆದ ಭತ್ತವನ್ನು ಕೊಳಗದಲ್ಲಿ ಅಳೆದು ಗೇಣಿ ಕೊಡುತ್ತಿದ್ದರು. ಧಣಿಗಳು ದೊಡ್ಡ ಕೊಳಗದಲ್ಲಿ ಅಳೆಸಿಕೊಳ್ಳುತ್ತಾರೆ ಎಂದು ಗೇಣಿದಾರರು ತಕರಾರು ಎತ್ತಿದರು. ಶಾಲಾ ಮಾಸ್ತರಾಗಿದ್ದ ಎಚ್. ಗಣಪತಿಯಪ್ಪ ಅವರು ರೈತರನ್ನು ಸಂಘಟಿಸಿದರು. 1951ರ ಏಪ್ರಿಲ್ ತಿಂಗಳಲ್ಲಿ ಸತ್ಯಾಗ್ರಹ ಶುರುವಾಯಿತು. ರೈತರು ನೇಗಿಲು ಹೊತ್ತು ಗದ್ದೆಗೆ ಇಳಿದರು. ಪೊಲೀಸರು ಅವರನ್ನು ಹಿಡಿದು ಜೈಲಿಗೆ ಹಾಕಿದರು. ದೊಡ್ಡ ನಾಯಕರಾದ ರಾಮಮನೋಹರ ಲೋಹಿಯಾ ಅವರೂ ಆ ಜೂನ್ ತಿಂಗಳಲ್ಲಿ ಇಲ್ಲಿಗೆ ಬಂದು ಬಂಧನಕ್ಕೆ ಒಳಗಾದರು. ತೀರ್ಥಹಳ್ಳಿ ತಾಲೂಕು ಆರಗದ ಶಾಂತವೇರಿ ಗೋಪಾಲಗೌಡರು ರೈತರ ಜೊತೆ ನಿಂತರು. 1952ರ ಚುನಾವಣೆಯಲ್ಲಿ ಗೆದ್ದು ಶಾಸಕರಾದರು.

ಆಮೇಲೆ ಭೂಸುಧಾರಣೆ ಕಾನೂನು ಬಲವಾಗುತ್ತ ಬಂತು. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿತು. ಉಳುವವರು ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯ ಮುಂದೆ ನಿಂತು ಜಮೀನು ಪಡೆದರು. ಇದನ್ನೇ ನಮ್ಮ ಕಡೆ "ಡಿಕ್ಲರೇಷನ್ ಹಾಕಿದ್ದು" ಅನ್ನುತ್ತಾರೆ.

ಇನ್ನೊಂದು ಸಂಗತಿ ಮುಳುಗಡೆಯದು. 1964ರಲ್ಲಿ ಶರಾವತಿ ನದಿಗೆ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದರಿಂದ ನಾಡಿಗೆ ಕರೆಂಟು ಬಂತು. ಆದರೆ ಸಾಗರ, ಹೊಸನಗರ ತಾಲೂಕುಗಳ ನೂರಕ್ಕೂ ಹೆಚ್ಚು ಹಳ್ಳಿಗಳಿಗೆ ನೀರು ನುಗ್ಗಿತು. ಗದ್ದೆ, ತೋಟ, ಮನೆ, ದೇವಸ್ಥಾನ ನೀರಿನ ಅಡಿಗೆ ಹೋದವು. 1948ರಲ್ಲಿ ಕಟ್ಟಿ ಮುಗಿಸಿದ್ದ ಹಿರೇಭಾಸ್ಕರ ಅಣೆಕಟ್ಟೂ ಅದರಲ್ಲೇ ಮುಳುಗಿತು. ನೀರು ಬಹಳ ಇಳಿದ ಬೇಸಗೆಯಲ್ಲಿ ಅದು ಈಗಲೂ ಕಾಣುತ್ತದೆ.

ಹಿನ್ನೀರಿನ ಆಚೆ ಉಳಿದ ಊರುಗಳಿಗೆ ಲಾಂಚೇ ದಾರಿಯಾಯಿತು. ಸಿಗಂದೂರಿಗೆ ಹೋಗುವ ಸೇತುವೆ ಉದ್ಘಾಟನೆ ಆದದ್ದು 2025ರ ಜುಲೈ 14ರಂದು. ಅಲ್ಲಿಯವರೆಗೆ ಬಸುರಿಯರು, ರೋಗಿಗಳು, ಶಾಲೆ ಮಕ್ಕಳು ಲಾಂಚಿಗಾಗಿ ದಡದಲ್ಲಿ ಕಾಯಬೇಕಿತ್ತು.

ಈಗ ಲೆಕ್ಕ ಹಾಕಿ. 1951ರಲ್ಲಿ 10 ವರ್ಷ ಆಗಿದ್ದವರಿಗೆ ಈಗ 80 ದಾಟಿದೆ. 1964ರಲ್ಲಿ 10 ವರ್ಷ ಆಗಿದ್ದವರಿಗೆ 70 ದಾಟಿದೆ. ಅವರು ಹೋದರೆ ಅವರ ಮಾತೂ ಹೋಯಿತು. ಅಣೆಕಟ್ಟಿನ ಎತ್ತರ ಸರ್ಕಾರದ ಕಡತದಲ್ಲಿ ಇದೆ. ಊರು ಬಿಡುವ ದಿನ ಒಲೆ ಹೊತ್ತಿಸಿದರೋ ಇಲ್ಲವೋ ಎಂಬುದು ಯಾವ ಕಡತದಲ್ಲೂ ಇಲ್ಲ. ಅದು ಆ ಅಜ್ಜಿಗೆ ಮಾತ್ರ ಗೊತ್ತು.

ಬರೆದರೆ ಏನು ಪ್ರಯೋಜನ?

ಮೊದಲನೆಯದು, ಮಕ್ಕಳಿಗೆ ತಮ್ಮ ಬೇರು ಗೊತ್ತಾಗುತ್ತದೆ. ಈ ಜಮೀನು ಹೇಗೆ ಬಂತು, ಈ ಊರಿಗೆ ನಾವು ಎಲ್ಲಿಂದ ಬಂದೆವು ಎಂದು ತಿಳಿಯುತ್ತದೆ.

ಎರಡನೆಯದು, ಕತೆ ಪುಸ್ತಕಗಳೂ ಇಂಥ ಬಾಳಿನಿಂದಲೇ ಹುಟ್ಟುತ್ತವೆ. ಸಾಗರದ ನಾ. ಡಿಸೋಜ ಅವರು ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದರು. ಶರಾವತಿ ಯೋಜನೆಯ ಕಾಲದಲ್ಲಿ ಜನ ಊರು ಬಿಡುವುದನ್ನು ಹತ್ತಿರದಿಂದ ಕಂಡರು. "ಮುಳುಗಡೆ", "ದ್ವೀಪ" ಎಂಬ ಕಾದಂಬರಿ ಬರೆದರು. "ದ್ವೀಪ"ವನ್ನು ತೀರ್ಥಹಳ್ಳಿ ತಾಲೂಕಿನವರೇ ಆದ ಗಿರೀಶ್ ಕಾಸರವಳ್ಳಿ ಅವರು 2002ರಲ್ಲಿ ಸಿನಿಮಾ ಮಾಡಿದರು.

ಮೂರನೆಯದು ಹಕ್ಕಿನ ಮಾತು. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಕಾಡಿನ ಜಮೀನಿನಲ್ಲಿ ಬಹಳ ಕಾಲದಿಂದ ಬಾಳಿದವರು ಹಕ್ಕು ಕೇಳಿ ಅರ್ಜಿ ಹಾಕಬಹುದು. ಅರ್ಜಿಗೆ ಸಾಕ್ಷ್ಯ ಬೇಕು. 2008ರ ನಿಯಮದಲ್ಲಿ ಯಾವ ಯಾವ ಸಾಕ್ಷ್ಯ ಆಗುತ್ತದೆ ಎಂಬ ಪಟ್ಟಿ ಇದೆ. ಅದರಲ್ಲಿ ಹಿರಿಯರ ಹೇಳಿಕೆಯೂ ಒಂದು. ಎರಡು ಮಾತು ನೆನಪಿಡಿ. ಅರ್ಜಿ ಹಾಕಿದವರಲ್ಲದೆ ಬೇರೆ ಹಿರಿಯರು ಹೇಳಿರಬೇಕು. ಹೇಳಿದ್ದನ್ನು ಬರೆದಿರಬೇಕು. ಇದೊಂದೇ ಸಾಲದು, ಜೊತೆಗೆ ಬೇರೆ ಸಾಕ್ಷ್ಯವೂ ಬೇಕು. ಆದರೂ ನೋಡಿ, ಓದು ಬರಹ ಇಲ್ಲದ ಅಜ್ಜನ ಮಾತಿಗೂ ಕಾನೂನು ಬೆಲೆ ಕೊಟ್ಟಿದೆ!

ಮುಳುಗಡೆ ಆದ ಎಷ್ಟೋ ಕುಟುಂಬಗಳ ಜಮೀನಿನ ಹಕ್ಕಿನ ಪ್ರಶ್ನೆ ಇನ್ನೂ ಪೂರ್ತಿ ಬಗೆಹರಿದಿಲ್ಲ. ಹಿರಿಯರಿಗೆ ಹಳೆ ಊರಿನ ಹೆಸರು, ಮನೆಯ ಯಜಮಾನರ ಹೆಸರು ನೆನಪಿರುತ್ತದೆ. ಹಳೆಯ ಕಾಗದ ಹುಡುಕಲು ಆ ಹೆಸರುಗಳು ಬೇಕೇ ಬೇಕು.

ಯಾರನ್ನು ಕೇಳಬೇಕು?

ಊರ ಗೌಡರನ್ನು, ಪಟೇಲರ ಮನೆಯವರನ್ನು ಎಲ್ಲರೂ ಕೇಳುತ್ತಾರೆ. ನೀವು ಬೇರೆಯವರನ್ನೂ ಕೇಳಿ. ಅಡಿಕೆ ಮರ ಹತ್ತುವ ಕೊನೆಗಾರರನ್ನು ಕೇಳಿ. ಮಳೆಗಾಲದಲ್ಲಿ ಜಾರುವ ಮರ ಹತ್ತಿ ಕೊಳೆ ರೋಗಕ್ಕೆ ಔಷಧಿ ಹೊಡೆದವರು ಅವರು. ಗಂಧದ ಕೆತ್ತನೆ ಮಾಡುವ ಗುಡಿಗಾರರನ್ನು ಕೇಳಿ. ಹೆರಿಗೆ ಮಾಡಿಸಿದ ಸೂಲಗಿತ್ತಿಯನ್ನು ಕೇಳಿ. ಗೋಡೆಗೆ ಹಸೆ ಚಿತ್ತಾರ ಬರೆಯುವ ದೀವರ ಹೆಂಗಸರನ್ನು ಕೇಳಿ. ಲಾಂಚ್ ಓಡಿಸಿದವರನ್ನು ಕೇಳಿ.

ಊರಿನ ಕೆಲಸಕ್ಕೆ ಹೆಗಲು ಕೊಟ್ಟವರನ್ನೂ ಕೇಳಿ. ಶಾಲೆ ಕಟ್ಟಲು ಕಲ್ಲು ಹೊತ್ತವರು ಯಾರು? ಹಾಲಿನ ಡೈರಿ ಶುರು ಮಾಡಿದವರು ಯಾರು? ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ನೀನಾಸಂ ನಾಟಕ ಸಂಘ ಹುಟ್ಟಿತು. ಅದನ್ನು ಬೆಳೆಸಿದ ಕೆ.ವಿ. ಸುಬ್ಬಣ್ಣ ಅವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅಂಥ ಸಂಘಕ್ಕೆ ಊರವರ ದುಡಿಮೆಯೂ ಬೇಕು. ಪರದೆ ಕಟ್ಟಿದವರು, ಅಡಿಗೆ ಮಾಡಿದವರು, ಬೆಂಚು ಹೊತ್ತವರು ನಿಮ್ಮ ಊರಿನ ನಾಟಕಕ್ಕೂ ಇದ್ದಾರೆ. ಅವರನ್ನು ಹುಡುಕಿ.

1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲಿ ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಾಗಿತ್ತು. ಆಗ ಮೊದಲ ಬಾರಿಗೆ ಎಷ್ಟೋ ಹೆಂಗಸರು ಸಭೆಯ ಕುರ್ಚಿಯಲ್ಲಿ ಕೂತರು. ನಿಮ್ಮ ಊರಿನಲ್ಲಿ ಅಂಥವರು ಇದ್ದರೆ ಮೊದಲ ಸಭೆಯ ದಿನ ಹೇಗಿತ್ತು ಎಂದು ಕೇಳಿ.

ಹೇಗೆ ಕೇಳಬೇಕು?

ಮುಂಚೆಯೇ ಹೇಳಿ ಹೋಗಿ. ಕೊಯ್ಲಿನ ಹೊತ್ತು, ಊಟದ ಹೊತ್ತು ಬೇಡ. ಏಕೆ ಕೇಳುತ್ತಿದ್ದೀರಿ, ಬರೆದದ್ದನ್ನು ಯಾರು ಓದುತ್ತಾರೆ ಎಂದು ಮೊದಲು ತಿಳಿಸಿ. ಒಪ್ಪಿದರೆ ಮಾತ್ರ ಕೂತುಕೊಳ್ಳಿ. "ಪರಿಹಾರ ಕೊಡಿಸ್ತೀನಿ, ಪಿಂಚಣಿ ಬರ್ತದೆ" ಅಂತ ಸುಳ್ಳು ಆಸೆ ಹುಟ್ಟಿಸಬೇಡಿ.

"ಹೌದು", "ಇಲ್ಲ" ಎಂದು ಮುಗಿದುಹೋಗುವ ಪ್ರಶ್ನೆ ಕೇಳಬೇಡಿ. "ಆಗ ಕಷ್ಟ ಇತ್ತಾ?" ಅಂದರೆ "ಇತ್ತು" ಅಂತಾರೆ. ಮುಗಿಯಿತು. "ಧಣಿಯ ಮನೆಗೆ ಹೋದಾಗ ನೀವು ಎಲ್ಲಿ ಕೂರ್ತಿದ್ರಿ?" ಎಂದು ಕೇಳಿ. ಆಗ ಮಾತು ಬಿಚ್ಚುತ್ತದೆ.

ಒಂದು ಮಾದರಿ ಇಲ್ಲಿದೆ. ಇದು ಕಲಿಯುವುದಕ್ಕಾಗಿ ಬರೆದದ್ದು.

"ಅಜ್ಜೀ, ನೀವು ಬಾಳ್ವೆ ಮಾಡಿದ ಹಳೇ ಊರು ಎಲ್ಲಿದೆ?"

"ಎಲ್ಲಿದೆ ಮಗಾ? ನೀರಿನ ಅಡಿಗಿದೆ."

"ಊರು ಬಿಡುವಾಗ ನಿಮಗೆ ಎಷ್ಟು ವಯಸ್ಸು?"

"ವಯಸ್ಸು ಯಾರು ಬರೆದಿಟ್ಟಿದಾರೆ? ದೊಡ್ಡ ಮಗ ತೊಟ್ಟಿಲಲ್ಲಿದ್ದ."

"ಏನೇನು ತಂದ್ರಿ ಅಜ್ಜೀ?"

"ದನ ಹೊಡ್ಕೊಂಡು ಬಂದ್ವಿ. ಪಾತ್ರೆ, ಒರಳುಕಲ್ಲು ತಂದ್ವಿ. ಹೆಂಚು ಇಳಿಸ್ಕೊಂಡು, ಬಾಗಿಲು ಕಿತ್ಕೊಂಡು ಬಂದ್ವಿ. ಅಡಿಕೆ ಮರ ತರೋಕಾಗ್ತದಾ?"

ನೋಡಿದಿರಾ? ಅಜ್ಜಿಗೆ ವರ್ಷ ಗೊತ್ತಿಲ್ಲ. ಆದರೆ ಮಗ ತೊಟ್ಟಿಲಲ್ಲಿದ್ದ ಅಂದರು. ಮಗನ ವಯಸ್ಸು ಕೇಳಿದರೆ ಊರು ಬಿಟ್ಟ ವರ್ಷ ಸುಮಾರಾಗಿ ಸಿಗುತ್ತದೆ. ಹೀಗೆ ಮದುವೆ, ಹೆರಿಗೆ, ಜಾತ್ರೆ ಹಿಡಿದು ಕಾಲ ಗೊತ್ತು ಮಾಡಬಹುದು. ಸಾಗರದ ಮಾರಿಕಾಂಬಾ ಜಾತ್ರೆ 3 ವರ್ಷಕ್ಕೊಮ್ಮೆ ಬರುತ್ತದೆ. ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ಪ್ರತಿ ವರ್ಷ ಬರುತ್ತದೆ. "ಆ ಜಾತ್ರೆಗೆ ಮುಂಚೆಯೋ, ಆಮೇಲೋ?" ಎಂದು ಕೇಳಿ.

ನಡುವೆ ಬಾಯಿ ಹಾಕಬೇಡಿ. "ಅದು ಹಾಗಲ್ಲ ಅಜ್ಜಾ" ಎಂದು ತಿದ್ದಬೇಡಿ. ಅಜ್ಜ ಸುಮ್ಮನಾದರೆ ನೀವೂ ಸ್ವಲ್ಪ ಹೊತ್ತು ಸುಮ್ಮನಿರಿ. ಕಣ್ಣಲ್ಲಿ ನೀರು ಬಂದರೆ ಪುಸ್ತಕ ಮುಚ್ಚಿ. ಇನ್ನೊಂದು ದಿನ ಹೋಗಬಹುದು. ಮನೆಯ ಗಂಡಸರು ಎದುರಿಗಿದ್ದರೆ ಕೆಲವು ಅಜ್ಜಿಯರು ಮಾತಾಡುವುದಿಲ್ಲ. ಅವರನ್ನು ಅಡಿಕೆ ಸುಲಿಯುವ ಜಾಗದಲ್ಲಿ, ಹಿತ್ತಲಿನಲ್ಲಿ ಕಂಡು ಮಾತಾಡಿಸಿ.

ಹೇಗೆ ಬರೆಯಬೇಕು?

ಪುಟದ ಮೇಲೆ ಹೇಳಿದವರ ಹೆಸರು, ಊರು, ಸುಮಾರು ವಯಸ್ಸು, ಕೇಳಿದ ದಿನ ಬರೆಯಿರಿ. ಕೊನೆಗೆ ನಿಮ್ಮ ಹೆಸರು ಬರೆಯಿರಿ. ಅವರು ಆಡಿದ ಮಾತನ್ನೇ ಬರೆಯಿರಿ. ಕೊಳಗ ಅಂದರೆ ಕೊಳಗ ಎಂದೇ ಬರೆಯಿರಿ. ಅಕ್ಷರ ಸೊಟ್ಟ ಆದರೂ ಚಿಂತೆ ಇಲ್ಲ. ಮೊಬೈಲಿನಲ್ಲಿ ಮಾತು ಹಿಡಿಯುವುದಾದರೆ ಅವರ ಒಪ್ಪಿಗೆ ಕೇಳಿ. ಆದರೂ ಬರೆಯುವುದನ್ನು ಬಿಡಬೇಡಿ. ಮೊಬೈಲು ಕೆಟ್ಟರೆ ಮಾತೂ ಹೋಗುತ್ತದೆ.

ಒಬ್ಬರು ಒಂದು ಹೇಳುತ್ತಾರೆ, ಇನ್ನೊಬ್ಬರು ಬೇರೆ ಹೇಳುತ್ತಾರೆ. ಗೇಣಿದಾರರ ಮನೆಯಲ್ಲಿ ಕೇಳಿದ್ದೇ ಬೇರೆ, ಧಣಿಗಳ ಮನೆಯಲ್ಲಿ ಕೇಳಿದ್ದೇ ಬೇರೆ ಆಗಬಹುದು. ಎರಡನ್ನೂ ಬರೆಯಿರಿ. ಯಾರು ಏನು ಹೇಳಿದರು ಎಂದು ಕಾಣಿಸಿ. ಓದುವವರು ತೂಗಿ ನೋಡಲಿ.

ಬರೆದಾದ ಮೇಲೆ ಹೋಗಿ ಅವರಿಗೆ ಓದಿ ಹೇಳಿ. ಇದು ಬಹಳ ಮುಖ್ಯ. "ಇದು ಬೇಡ, ಹೊಡೆದು ಹಾಕು" ಅಂದರೆ ಹೊಡೆದು ಹಾಕಿ. "ಇದನ್ನು ಸೇರಿಸು" ಅಂದರೆ ಸೇರಿಸಿ. ಇನ್ನೊಬ್ಬರ ಮನೆಯ ಮಾನ ಹೋಗುವ ಮಾತು ಇದ್ದರೆ ಬಿಟ್ಟುಬಿಡಿ. ಒಂದು ಪ್ರತಿ ಅವರ ಮನೆಯಲ್ಲೇ ಇಡಿ. ಇನ್ನೊಂದನ್ನು ಅವರು ಒಪ್ಪಿದರೆ ಶಾಲೆಯಲ್ಲೋ, ಗ್ರಂಥಾಲಯದಲ್ಲೋ ಇಡಿ.

ತನ್ನ ಬಾಳನ್ನು ಇನ್ನೊಬ್ಬರು ಗಟ್ಟಿಯಾಗಿ ಓದುವುದನ್ನು ಎಷ್ಟೋ ಅಜ್ಜಿಯರು ಒಮ್ಮೆಯೂ ಕೇಳಿಲ್ಲ. ನೀವು ಕಲಿತ ಅಕ್ಷರದಿಂದ ಅವರಿಗೆ ಅದನ್ನು ಕೇಳಿಸಬಹುದು. ಇವತ್ತೇ ಒಬ್ಬರನ್ನು ಆರಿಸಿಕೊಳ್ಳಿ. ಮಳೆಗಾಲ ಕಳೆಯಲಿ, ಕೊಯ್ಲು ಮುಗಿಯಲಿ ಎಂದು ಮುಂದೆ ಹಾಕಬೇಡಿ.

ಮಾತಾಡಿ
1. ನಿಮ್ಮ ಊರಿನಲ್ಲಿ ಎಲ್ಲರಿಗಿಂತ ಹಿರಿಯರು ಯಾರು? ಅವರು ಯಾವ ಕೆಲಸ ಮಾಡುತ್ತಿದ್ದರು?
2. ನಿಮ್ಮ ಮನೆಯವರು ಈ ಊರಿಗೆ ಎಲ್ಲಿಂದ ಬಂದರು? ಏಕೆ ಬಂದರು?

ಬರೆಯಿರಿ
1. ಒಬ್ಬ ಹಿರಿಯರಿಗೆ ಕೇಳಬೇಕಾದ 5 ಪ್ರಶ್ನೆ ಬರೆಯಿರಿ.
2. ಅವರು ಹೇಳಿದ್ದನ್ನು 10 ಸಾಲಿನಲ್ಲಿ ಬರೆದು, ಅವರಿಗೇ ಓದಿ ಹೇಳಿ.